ಮೆಮೊರಿ ಇಲ್ಲ ಎಂದವರು ಯಾರು?

ಹಬ್ಬುವಾಡ, ಕಾರವಾರ

ಕಾರವಾರ ಮತ್ತು ಅಂಕೋಲೆಯ ಕಾಲೇಜು ಲ್ಯಾಬು, ಸಹಕಾರಿ ಸಂಘ, ಆಸ್ಪತ್ರೆ, ಕಚೇರಿಗಳಲ್ಲಿ ಕಂಪ್ಯೂಟರ್ ಹಾಗೂ ಸರ್ವರ್ ನೋಡಿಕೊಳ್ಳುವ ಎಲ್ಲ ಗೆಳೆಯ ಗೆಳತಿಯರೇ,

ಪರದೆಯ ಮೇಲೆ ‘ಔಟ್ ಆಫ್ ಮೆಮೊರಿ’ ಎಂದು ಬಂದ ಕೂಡಲೆ ನಮ್ಮ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ ಕ್ರಮ. ಮೊದಲು ರೀಸ್ಟಾರ್ಟ್. ಮತ್ತೆ ಬಂದರೆ ಮತ್ತೆ ರೀಸ್ಟಾರ್ಟ್. ಅದಕ್ಕೂ ಬಗ್ಗದಿದ್ದರೆ ರ‍್ಯಾಮ್ ಸಾಲದು ಎಂಬ ತೀರ್ಮಾನ, ಹುಬ್ಬಳ್ಳಿಯಿಂದಲೋ ಮಡಗಾಂವಿನಿಂದಲೋ ಒಂದು ಕೊಟೇಶನ್, ಮಂಜೂರಾತಿಗಾಗಿ ತಿಂಗಳುಗಟ್ಟಲೆ ಕಾಯುವುದು. ಕೊನೆಗೆ ಹೊಸ ರ‍್ಯಾಮ್ ಬಂದು ಸ್ಲಾಟಿನಲ್ಲಿ ಕೂತ ಮೇಲೂ ಅದೇ ಸಂದೇಶ ಬಂದರೆ ‘ಈ ಸಾಫ್ಟ್‌ವೇರೇ ಸರಿಯಿಲ್ಲ’ ಎಂದು ಕೈಚೆಲ್ಲುವುದು. ಈ ಇಡೀ ಕ್ರಮದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿದೆ. ಮೆಮೊರಿ ಇಲ್ಲ ಎಂದವರು ಯಾರು? ಆ ಸಂದೇಶ ಯಂತ್ರದಲ್ಲಿ ಎಷ್ಟು ಮೆಮೊರಿ ಉಳಿದಿದೆ ಎಂಬುದರ ಅಳತೆಯಲ್ಲ. ಯಾರೋ ಕೇಳಿದರು, ಇನ್ಯಾರೋ ಕೊಡುವುದಿಲ್ಲ ಎಂದರು, ಅಷ್ಟೇ ಅದು ಹೇಳುವುದು. ಕೊಡುವುದಿಲ್ಲ ಎನ್ನುವುದಕ್ಕೆ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲಿನ ಬಳಿ ಹಲವು ಕಾರಣಗಳಿವೆ, ರ‍್ಯಾಮ್ ನಿಜವಾಗಿ ಮುಗಿದಿರುವುದು ಅವುಗಳಲ್ಲಿ ಒಂದು ಮಾತ್ರ. ಯಾವ ಮಿತಿ ತಡೆಯಿತು ಎಂಬುದನ್ನು ಗುರುತಿಸುವ ಮೊದಲು ಯಾವ ಪರಿಹಾರಕ್ಕೂ ಕೈ ಹಾಕಬಾರದು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ನೂರು ಎಂಬಿ ಮೆಮೊರಿ ಕೇಳಿತು ಎಂದುಕೊಳ್ಳಿ. ಕರ್ನಲ್ ಆ ಕ್ಷಣಕ್ಕೆ ಕೊಡುವುದು ನೂರು ಎಂಬಿ ರ‍್ಯಾಮ್ ಅಲ್ಲ, ನೂರು ಎಂಬಿಯಷ್ಟು ವಿಳಾಸ ಮತ್ತು ಬೇಕಾದಾಗ ಕೊಡುತ್ತೇನೆ ಎಂಬ ಮಾತು. ಪ್ರೋಗ್ರಾಂ ಆ ವಿಳಾಸವನ್ನು ಮೊದಲ ಸಲ ಮುಟ್ಟಿದಾಗ ಮಾತ್ರ 4 ಕೆಬಿಯ ಒಂದೊಂದೇ ಪುಟವನ್ನು ನಿಜವಾದ ರ‍್ಯಾಮಿನಿಂದ ತೆಗೆದು ಕೊಡುತ್ತದೆ. ಹೀಗಾಗಿ ಇಲ್ಲ ಎನ್ನುವುದಕ್ಕೆ ಬೇರೆ ಬೇರೆ ಕಟ್ಟೆಗಳಿವೆ. ವಿಳಾಸವೇ ಉಳಿದಿಲ್ಲ ಎನ್ನಬಹುದು. ಇಷ್ಟೊಂದು ಮಾತು ಕೊಡಲಾರೆ ಎನ್ನಬಹುದು. ನಿನ್ನ ಗುಂಪಿನ ಪಾಲು ಮುಗಿಯಿತು ಎನ್ನಬಹುದು. ಮೆಮೊರಿಯ ಗಾತ್ರಕ್ಕೆ ಸಂಬಂಧವೇ ಇಲ್ಲದೆ, ನೀನು ಮಾಡಿಕೊಂಡ ತುಂಡುಗಳ ಸಂಖ್ಯೆ ಹೆಚ್ಚಾಯಿತು ಎನ್ನಬಹುದು. ದುರದೃಷ್ಟವೆಂದರೆ ಇವುಗಳಲ್ಲಿ ಬಹುಪಾಲು ನಿರಾಕರಣೆಗಳಿಗೆ ಕರ್ನಲ್ ಪ್ರೋಗ್ರಾಮಿಗೆ ಹಿಂದಿರುಗಿಸುವುದು ಒಂದೇ ದೋಷಸಂಖ್ಯೆ, 12. ಕಾರಣ ಐದಾರು, ಉತ್ತರ ಒಂದೇ. ಪ್ರೋಗ್ರಾಂ ತನಗೆ ಬಂದ ಆ ಸಂಖ್ಯೆಯನ್ನು ‘ಮೆಮೊರಿ ಸಾಲದು’ ಎಂದು ಪರದೆಗೆ ದಾಟಿಸುತ್ತದೆ, ನಾವು ರ‍್ಯಾಮ್ ಖರೀದಿಗೆ ಹೊರಡುತ್ತೇವೆ.

ರ‍್ಯಾಮ್ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ 32 ಬಿಟ್ ಯಂತ್ರಗಳಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಅಂಥ ಯಂತ್ರಗಳು ಹಲವು ಲ್ಯಾಬುಗಳ ಮೂಲೆಗಳಲ್ಲಿ ಇನ್ನೂ ಉಸಿರಾಡುತ್ತಿವೆ, ಆದ್ದರಿಂದ ಇದು ಬರೀ ಇತಿಹಾಸವೂ ಅಲ್ಲ. 32 ಬಿಟ್ ವಿಂಡೋಸ್ 7ರಲ್ಲಿ 4 ಜಿಬಿ ರ‍್ಯಾಮ್ ಕೂರಿಸಿದರೂ ಬಳಕೆಗೆ ಸಿಗುವುದು ಮೂರೂ ಚಿಲ್ಲರೆ, ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುವ ವಿಳಾಸದ ಹರವು 2 ಜಿಬಿ ಮಾತ್ರ. ದೊಡ್ಡ ಎಕ್ಸೆಲ್ ಫೈಲು, ಭಾರವಾದ ಚಿತ್ರಗಳ ಪುಟವಿನ್ಯಾಸ ಅಲ್ಲಿಗೆ ನಿಲ್ಲುತ್ತದೆ, ಸ್ಲಾಟಿನಲ್ಲಿ ಏನಿದ್ದರೂ ಅಷ್ಟೆ. 64 ಬಿಟ್ ಹಾಕಿಕೊಂಡವರೂ ಪಾರಾಗಲಿಲ್ಲ. ಭಾರತದಂಥ ಮಾರುಕಟ್ಟೆಗಳಿಗೆಂದೇ ಬಂದ ವಿಂಡೋಸ್ 7 ಹೋಮ್ ಬೇಸಿಕ್ ಆವೃತ್ತಿಯಲ್ಲಿ ಮೈಕ್ರೋಸಾಫ್ಟ್ ಇಟ್ಟಿದ್ದ ಗರಿಷ್ಠ ಮಿತಿ 8 ಜಿಬಿ. 16 ಜಿಬಿ ತಂದು ಹಾಕಿದರೆ ಅರ್ಧ ದುಡ್ಡು ನೀರಿಗೆ. ಲೈಸೆನ್ಸಿನ ದರ್ಜೆಗೆ ತಕ್ಕಂತೆ ಕರ್ನಲ್ಲಿನೊಳಗೆ ಕೂತ ಮಿತಿ ಅದು, ಯಂತ್ರಕ್ಕೂ ಅದಕ್ಕೂ ಸಂಬಂಧವಿಲ್ಲ.

32 ಬಿಟ್ ಲಿನಕ್ಸ್‌ನ ಕಥೆ ಇನ್ನೂ ವಿಚಿತ್ರ. ಅಲ್ಲಿ ಕರ್ನಲ್ ತನ್ನ ಸ್ವಂತ ಲೆಕ್ಕಪತ್ರಕ್ಕೆ ನೇರವಾಗಿ ಬಳಸಬಲ್ಲ ರ‍್ಯಾಮ್ ಮೊದಲ 896 ಎಂಬಿ ಮಾತ್ರ. ಅದಕ್ಕೆ ಲೋಮೆಮ್ ಎನ್ನುತ್ತಾರೆ. ಪಿಎಇ ಎಂಬ ವ್ಯವಸ್ಥೆಯಿಂದ 64 ಜಿಬಿವರೆಗೆ ರ‍್ಯಾಮ್ ಕೂರಿಸಬಹುದಿತ್ತು, ಆದರೆ ಕೂರಿಸಿದ ಪ್ರತಿ 4 ಕೆಬಿ ಪುಟಕ್ಕೂ ಕರ್ನಲ್ ಸುಮಾರು 32 ಬೈಟಿನ ಒಂದು ದಾಖಲೆ ಇಡಬೇಕು, ಆ ದಾಖಲೆ ಲೋಮೆಮ್‌ನಲ್ಲೇ ಇರಬೇಕು. ಲೆಕ್ಕ ಹಾಕಿ ನೋಡಿ. 16 ಜಿಬಿಗೆ 128 ಎಂಬಿ ದಾಖಲೆ. 64 ಜಿಬಿಗೆ 512 ಎಂಬಿ, ಅಂದರೆ ಇರುವ 896ರಲ್ಲಿ ಅರ್ಧಕ್ಕಿಂತ ಹೆಚ್ಚು. ರ‍್ಯಾಮ್ ಹೆಚ್ಚಿದಷ್ಟೂ ಕರ್ನಲ್ಲಿನ ಕೈಯಲ್ಲಿ ಉಳಿಯುವ ಜಾಗ ಕಡಿಮೆಯಾಗುತ್ತದೆ. ಮೇಲೆ ಹತ್ತಾರು ಜಿಬಿ ಖಾಲಿ ಬಿದ್ದಿರುವಾಗಲೇ ಲೋಮೆಮ್ ಮುಗಿದು ಕರ್ನಲ್ ಪ್ರೋಗ್ರಾಮುಗಳನ್ನು ಕೊಲ್ಲಲು ಶುರುಮಾಡುತ್ತಿತ್ತು. ರ‍್ಯಾಮ್ ಹಾಕಿದ್ದೇ ಮೆಮೊರಿ ಕೊರತೆಗೆ ಕಾರಣವಾಗುವ ಯಂತ್ರ ಒಂದು ಕಾಲಕ್ಕೆ ನಿಜವಾಗಿ ಇತ್ತು. ಇದನ್ನು ಒಪ್ಪಿಕೊಂಡರೆ ‘ಮೊದಲು ರ‍್ಯಾಮ್ ಹಾಕಿ ನೋಡೋಣ’ ಎಂಬ ಮಾತಿನ ಬುಡವೇ ಅಲ್ಲಾಡುತ್ತದೆ.

ಈಗ ಎಲ್ಲವೂ 64 ಬಿಟ್, ಆ ತಾಪತ್ರಯ ಮುಗಿಯಿತಲ್ಲ ಎಂದು ನೀವು ಹೇಳಬಹುದು. ವಿಳಾಸದ ಕೊರತೆ ಮುಗಿಯಿತು, ನಿಜ. ಮಿತಿಗಳು ಮುಗಿಯಲಿಲ್ಲ, ಬೇರೆ ಕಡೆಗೆ ಹೋದವು. ಜಾವಾದಲ್ಲಿ ಬರೆದ ಸರ್ವರ್ ಪ್ರೋಗ್ರಾಮುಗಳು ಕೊಡುವ ಒಂದು ದೂರನ್ನು ತೆಗೆದುಕೊಳ್ಳಿ. ‘ಔಟ್ ಆಫ್ ಮೆಮೊರಿ ಎರರ್, ಅನೇಬಲ್ ಟು ಕ್ರಿಯೇಟ್ ನ್ಯೂ ನೇಟಿವ್ ಥ್ರೆಡ್’. ಮೊದಲ ನಾಲ್ಕು ಪದ ಓದಿದವರು ರ‍್ಯಾಮಿನ ಕಡೆಗೆ ಓಡುತ್ತಾರೆ, ಉಳಿದ ಭಾಗ ಓದಿದವರು ಥ್ರೆಡ್‌ಗಳ ಸಂಖ್ಯೆ ಎಣಿಸುತ್ತಾರೆ. ಲಿನಕ್ಸ್ ಒಬ್ಬ ಬಳಕೆದಾರನ ಪ್ರೊಸೆಸ್‌ಗಳನ್ನೂ ಥ್ರೆಡ್‌ಗಳನ್ನೂ ಒಂದೇ ಲೆಕ್ಕದಲ್ಲಿ ಎಣಿಸುತ್ತದೆ. ರೆಡ್‌ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 6ರಲ್ಲಿ ಸಾಮಾನ್ಯ ಬಳಕೆದಾರನಿಗೆ ಆ ಲೆಕ್ಕದ ಮಿತಿ 1024 ಇತ್ತು. ಒಂದೇ ಬಳಕೆದಾರನ ಹೆಸರಿನಲ್ಲಿ ಎರಡು ಮೂರು ಸರ್ವರ್‌ಗಳು ಓಡುತ್ತಿದ್ದರೆ ಎಲ್ಲವೂ ಸೇರಿ 1024. ಮುಂದೆ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಂಡಿ ಬಂದಾಗ ಸೇವೆಯೊಂದಕ್ಕೆ ಥ್ರೆಡ್ ಮಿತಿ ಮೊದಲು 512 ಎಂದಾಯಿತು, ಆಮೇಲೆ ಒಟ್ಟು ಪ್ರೊಸೆಸ್ ಸಂಖ್ಯೆಯ ಶೇ. 15 ಎಂದಾಯಿತು. ಆ ಒಟ್ಟು ಸಂಖ್ಯೆ 32768 ಇರುವ ಯಂತ್ರದಲ್ಲಿ ಇದು 4915. ಹಾಗಾಗಿ ಎಲ್ಲೋ ಸುಮಾರು 4900 ಥ್ರೆಡ್‌ಗಳ ಹತ್ತಿರ ಸರ್ವರ್ ಪದೇ ಪದೇ ಬೀಳುತ್ತಿದ್ದರೆ ಆ ಅಂಕಿಯೇ ಕಾರಣವನ್ನು ಹೇಳುತ್ತಿರುತ್ತದೆ. ಇಲ್ಲಿ ಕರ್ನಲ್ ಮೆಮೊರಿ ಇಲ್ಲ ಎಂದು ಹೇಳಿಯೂ ಇರುವುದಿಲ್ಲ. ಅದು ಕೊಟ್ಟದ್ದು ‘ಸದ್ಯಕ್ಕೆ ಸಂಪನ್ಮೂಲ ಇಲ್ಲ, ಮತ್ತೆ ಪ್ರಯತ್ನಿಸು’ ಎಂಬ 11ನೇ ಸಂಖ್ಯೆ. ಮೆಮೊರಿಯ ಹೆಸರು ಸೇರಿಸಿದ್ದು ಜಾವಾ.

ಇದೇ ಪ್ರಸಂಗದಲ್ಲಿ ಎರಡು ಬಲೆಗಳಿವೆ, ಅವುಗಳಲ್ಲಿ ಬಿದ್ದು ಇಡೀ ವಾರ ಕಳೆದುಕೊಳ್ಳುವುದು ಸುಲಭ. ಮೊದಲನೆಯದು, ರೂಟ್ ಆಗಿ ಲಾಗಿನ್ ಆಗಿ ಪರೀಕ್ಷಿಸುವುದು. ಬಳಕೆದಾರನ ಪ್ರೊಸೆಸ್ ಮಿತಿ ರೂಟ್‌ಗೆ ತಾಗುವುದಿಲ್ಲ, ಆದ್ದರಿಂದ ನಿಮ್ಮ ಕೈಯಲ್ಲಿ ಎಲ್ಲವೂ ಸರಿಯಾಗಿ ಓಡುತ್ತದೆ, ನೀವು ಎದ್ದುಹೋದ ಮೇಲೆ ಬೀಳುತ್ತದೆ. ಎರಡನೆಯದು, ಟರ್ಮಿನಲ್ಲಿನಲ್ಲಿ ಯುಲಿಮಿಟ್ ಎಂದು ಹೊಡೆದು ಬಂದ ಅಂಕಿಯನ್ನು ನಂಬುವುದು. ಆ ಅಂಕಿ ನಿಮ್ಮ ಟರ್ಮಿನಲ್ಲಿನದು, ಸರ್ವರಿನದಲ್ಲ. ಲಿಮಿಟ್ಸ್ ಡಾಟ್ ಕಾನ್ಫ್ ಫೈಲಿನಲ್ಲಿ ಬರೆದದ್ದು ಲಾಗಿನ್ ಆದವರಿಗೆ ಅನ್ವಯವಾಗುತ್ತದೆ, ಸಿಸ್ಟಂಡಿ ತಾನಾಗಿ ಎಬ್ಬಿಸಿದ ಸೇವೆಗಳಿಗೆ ಅಲ್ಲ. ಓಡುತ್ತಿರುವ ಪ್ರೊಸೆಸ್ ನಿಜವಾಗಿ ಯಾವ ಮಿತಿಯಲ್ಲಿದೆ ಎಂದು ತಿಳಿಯಲು ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೊಸೆಸ್ಸಿನ ಸಂಖ್ಯೆಯ ಒಳಗೆ ಲಿಮಿಟ್ಸ್ ಎಂಬ ಫೈಲಿದೆ. ಅದನ್ನು ತೆರೆದು ಓದಬೇಕು. ನಾವು ಬರೆದಿಟ್ಟ ಮಿತಿಗೂ ಜಾರಿಯಲ್ಲಿರುವ ಮಿತಿಗೂ ವ್ಯತ್ಯಾಸವಿರಬಹುದು ಎಂಬ ಅನುಮಾನ ಇಲ್ಲದವರು ಈ ಕೆಲಸದಲ್ಲಿ ಬಹಳ ಕಷ್ಟಪಡುತ್ತಾರೆ.

ತುಂಡುಗಳ ಸಂಖ್ಯೆಯ ಮಿತಿಯೂ ಇದೇ ಜಾತಿಯದು. ಒಂದು ಪ್ರೊಸೆಸ್ ತನ್ನ ವಿಳಾಸಗಳನ್ನು ಎಷ್ಟು ತುಂಡುಗಳಾಗಿ ಇಟ್ಟುಕೊಳ್ಳಬಹುದು ಎಂಬುದಕ್ಕೆ ಲಿನಕ್ಸ್ ಕರ್ನಲ್ಲಿನ ಪೂರ್ವನಿಗದಿ ಮಿತಿ 65530. ಅಷ್ಟು ತುಂಡು ಆದ ಮೇಲೆ ಒಂದೇ ಒಂದು ಪುಟ ಕೇಳಿದರೂ ಉತ್ತರ ಅದೇ 12. ಇನ್ನೂರು ಜಿಬಿ ಖಾಲಿ ಇದ್ದರೂ ಅದೇ 12. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸರ್ವರ್ ಹಾಕುವಾಗ ಇದನ್ನು 262144ಕ್ಕೆ ಏರಿಸಿ ಎಂದು ಅದರ ಕೈಪಿಡಿಯೇ ಹೇಳುತ್ತಿತ್ತು. ಈ 65530 ಎಲ್ಲಿಂದ ಬಂತು ಎಂದು ಹುಡುಕಿದರೆ ಮೆಮೊರಿಯ ಮಾತೇ ಬರುವುದಿಲ್ಲ. ಪ್ರೋಗ್ರಾಂ ಬಿದ್ದಾಗ ಬರೆದಿಡುವ ಕೋರ್ ಡಂಪ್ ಫೈಲಿನ ಹಳೆಯ ರಚನೆಯಲ್ಲಿ ಭಾಗಗಳ ಸಂಖ್ಯೆಗೆ ಇದ್ದದ್ದು 16 ಬಿಟ್ ಜಾಗ, ಅಂದರೆ ಗರಿಷ್ಠ 65535. ಅದರಲ್ಲಿ 5 ಕೈಗಾವಲಿಗೆ ಬಿಟ್ಟು ಉಳಿದದ್ದು 65530. ಕಾರಣ ಹಳತಾಯಿತು, ಅಂಕಿ ಉಳಿಯಿತು. ಹಾಗಾಗಿಯೇ 2023ರ ಫೆಡೋರಾ 39 ಮತ್ತು 2024ರ ಉಬುಂಟು 24.04 ಇದನ್ನು 1048576ಕ್ಕೆ ಏರಿಸಿದವು. ಹಂಚಿಕೊಳ್ಳುವ ಮೆಮೊರಿಯ ವಿಷಯದಲ್ಲೂ ಹೀಗೇ ಆಯಿತು. ಡೇಟಾಬೇಸುಗಳನ್ನು ಹಾಕುವವರಿಗೆಲ್ಲ ತಲೆನೋವಾಗಿದ್ದ 32 ಎಂಬಿಯ ಪೂರ್ವನಿಗದಿ ಮಿತಿಯನ್ನು 2014ರ 3.16 ಆವೃತ್ತಿಯಲ್ಲಿ ಕರ್ನಲ್ ಬರೆಯುವವರೇ ತೆಗೆದುಹಾಕಿದರು.

ಇಲ್ಲಿಗೆ ಬಂದಾಗ ಬಹಳ ಜನ ಎತ್ತುವ ಆಕ್ಷೇಪಣೆ ನನಗೆ ಗೊತ್ತು. ಮಿತಿಗಳೇ ಇಷ್ಟು ಹಳತು, ಇಷ್ಟು ಕುರುಡು ಎಂದಾದರೆ ಎಲ್ಲವನ್ನೂ ‘ಅನ್‌ಲಿಮಿಟೆಡ್’ ಮಾಡಿಬಿಡೋಣ, ಮುಗಿಯಿತಲ್ಲ? ಎಷ್ಟೋ ಇನ್‌ಸ್ಟಾಲೇಶನ್ ಟಿಪ್ಪಣಿಗಳಲ್ಲಿ ಇದೇ ಸಲಹೆ ಇರುತ್ತದೆ, ನಾವು ಕಣ್ಣುಮುಚ್ಚಿ ಅಂಟಿಸುತ್ತೇವೆ. ಇದನ್ನು ಒಪ್ಪಲಾಗದು, ಕೆಲವು ಮಿತಿಗಳು ಇರುವುದೇ ಕಾಪಾಡಲು. ಕದ್ರಾ ಅಣೆಕಟ್ಟಿನಲ್ಲಿ ಮಳೆಗಾಲದಲ್ಲಿ ನೀರು ಕಂಠಮಟ್ಟಕ್ಕೆ ಬರುವ ಮೊದಲೇ ಗೇಟು ತೆರೆಯುತ್ತಾರೆ. ಜಾಗ ಇರುವಾಗಲೇ ಯಾಕೆ ಬಿಡುತ್ತೀರಿ ಎಂದು 2019ರ ಆಗಸ್ಟ್ ನೆರೆಯನ್ನು ಕಂಡ ಕಾಳಿ ನದಿ ದಂಡೆಯವರು ಯಾರೂ ಕೇಳುವುದಿಲ್ಲ. ಪೂರ್ತಿ ತುಂಬಿದ ಮೇಲೆ ಬಿಟ್ಟರೆ ಕೆಳಗಿನವರ ಗತಿ ಏನು ಎಂಬುದು ಅವರಿಗೆ ಗೊತ್ತು. ಥ್ರೆಡ್ ಮಿತಿ ಇಲ್ಲದ ಸರ್ವರಿನಲ್ಲಿ ಒಂದು ತಪ್ಪು ಪ್ರೋಗ್ರಾಂ ತನ್ನನ್ನೇ ಮರಿಹಾಕಿಕೊಳ್ಳುತ್ತ ಹೋದರೆ ನೀವು ಲಾಗಿನ್ ಆಗಿ ಅದನ್ನು ನಿಲ್ಲಿಸಲು ಬೇಕಾದ ಒಂದು ಪ್ರೊಸೆಸ್ಸಿಗೂ ಜಾಗ ಉಳಿದಿರುವುದಿಲ್ಲ. ಆದ್ದರಿಂದ ಏರಿಸಬಹುದಾದ ಮಿತಿ ಯಾವುದು, ಮುಟ್ಟಬಾರದ ಮಿತಿ ಯಾವುದು ಎಂಬುದು ಆ ಮಿತಿ ಯಾಕೆ ಹುಟ್ಟಿತು ಎಂಬುದರಿಂದ ತೀರ್ಮಾನವಾಗಬೇಕು. 65530ನ್ನು ಏರಿಸಿದರೆ ಸಾಮಾನ್ಯವಾಗಿ ಯಾರಿಗೂ ಕೇಡಿಲ್ಲ. ಒಂದು ಸೇವೆಯ ಮೆಮೊರಿ ಮಿತಿಯನ್ನು ತೆಗೆದುಹಾಕಿದರೆ ಪಕ್ಕದ ಸೇವೆ ಸಾಯಬಹುದು.

ಅಂಕಿಗಳನ್ನು ಕಣ್ಣುಮುಚ್ಚಿ ಅಂಟಿಸುವುದು ಎಷ್ಟು ಅಪಾಯ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊಡುತ್ತೇನೆ. ಕರ್ನಲ್ ಎಷ್ಟು ಧಾರಾಳವಾಗಿ ಮಾತು ಕೊಡಬೇಕು ಎಂಬುದನ್ನು ಓವರ್‌ಕಮಿಟ್ ಎಂಬ ಒಂದು ಸೆಟ್ಟಿಂಗ್ ನಿರ್ಧರಿಸುತ್ತದೆ. 0 ಎಂದರೆ ಕರ್ನಲ್ ಅಂದಾಜು ಮಾಡಿ ಕೊಡುತ್ತದೆ, 1 ಎಂದರೆ ಕೇಳಿದ್ದಕ್ಕೆಲ್ಲ ಹೂಂ, 2 ಎಂದರೆ ಕಟ್ಟುನಿಟ್ಟಿನ ಲೆಕ್ಕ. ರೆಡಿಸ್ ಎಂಬ ಹೆಸರಾಂತ ಡೇಟಾ ಸರ್ವರ್ 1 ಇರಲಿ ಎಂದು ಎಚ್ಚರಿಸುತ್ತದೆ. ಪೋಸ್ಟ್‌ಗ್ರೆಸ್ ಎಂಬ ಅಷ್ಟೇ ಹೆಸರಾಂತ ಡೇಟಾಬೇಸಿನ ಕೈಪಿಡಿ 2 ಒಳ್ಳೆಯದು ಎನ್ನುತ್ತದೆ. ಎರಡೂ ತಮ್ಮ ಮಟ್ಟಿಗೆ ಸರಿ. ರೆಡಿಸ್ ಡಿಸ್ಕಿಗೆ ಬರೆಯುವಾಗ ತನ್ನದೊಂದು ಪ್ರತಿರೂಪ ಮಾಡಿಕೊಳ್ಳುತ್ತದೆ. ಕಾಗದದ ಮೇಲೆ ಅದು ಎರಡು ಪಟ್ಟು ಮೆಮೊರಿಯ ಮಾತು, ನಿಜದಲ್ಲಿ ಹೆಚ್ಚಿನ ಪುಟಗಳು ಎರಡಕ್ಕೂ ಒಂದೇ. ಪೋಸ್ಟ್‌ಗ್ರೆಸ್‌ಗೆ ಕರ್ನಲ್ ತನ್ನನ್ನು ಮಧ್ಯದಲ್ಲಿ ಕೊಲ್ಲುವುದಕ್ಕಿಂತ ಮೊದಲೇ ಇಲ್ಲ ಎನ್ನುವುದು ಮೇಲು. ಎರಡನ್ನೂ ಒಂದೇ ಯಂತ್ರದಲ್ಲಿ ಹಾಕಿಕೊಂಡವರು ಯಾರ ಸಲಹೆಯನ್ನು ಅಂಟಿಸಬೇಕು? ಇನ್ನು 2 ಎಂದು ಇಟ್ಟರೆ ಲೆಕ್ಕ ಹೀಗೆ. ರ‍್ಯಾಮಿನ ಶೇ. 50, ಅದಕ್ಕೆ ಸ್ವಾಪ್ ಪೂರ್ತಿ ಸೇರಿಸಿ. 8 ಜಿಬಿ ರ‍್ಯಾಮ್, 2 ಜಿಬಿ ಸ್ವಾಪ್ ಇರುವ ಯಂತ್ರದಲ್ಲಿ 4 ಮತ್ತು 2 ಕೂಡಿಸಿ 6 ಜಿಬಿ. ಅಷ್ಟು ಮಾತು ಕೊಟ್ಟು ಮುಗಿದೊಡನೆ ಕರ್ನಲ್ ಬಾಗಿಲು ಹಾಕುತ್ತದೆ, ರ‍್ಯಾಮಿನಲ್ಲಿ ಎಷ್ಟೇ ಖಾಲಿ ಇರಲಿ. ಪ್ರಾಕ್ ಫೋಲ್ಡರಿನ ಮೆಮ್‌ಇನ್ಫೋ ಫೈಲಿನಲ್ಲಿ ಕಮಿಟ್ ಲಿಮಿಟ್, ಕಮಿಟೆಡ್ ಎಎಸ್ ಎಂಬ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಬಗೆಯ ನಿರಾಕರಣೆ ಒಂದು ನಿಮಿಷದಲ್ಲಿ ಪತ್ತೆಯಾಗುತ್ತದೆ.

ಇನ್ನೊಂದು ಆಕ್ಷೇಪಣೆ, ಇದೆಲ್ಲ ದೊಡ್ಡವರ ವಿದ್ಯೆ, ಕರ್ನಲ್ ನಮ್ಮ ಕೆಲಸವಲ್ಲ ಎಂಬುದು. ಈ ಹಿಂಜರಿಕೆಗೆ ಆಧಾರವಿಲ್ಲ. ಇಂದು ಕ್ಲೌಡ್‌ನಲ್ಲಿ ಬಾಡಿಗೆಗೆ ಸಿಗುವ ಪ್ರತಿಯೊಂದು ಲಿನಕ್ಸ್ ಕಂಟೇನರಿಗೂ ಮೆಮೊರಿ ಪಾಲು ಹಾಕುವುದು ಸಿಗ್ರೂಪ್ ಎಂಬ ವ್ಯವಸ್ಥೆ. ಗೂಗಲ್‌ನ ಪಾಲ್ ಮೆನಾಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರುಮಾಡಿದ ಆ ಕೆಲಸ 2008ರ ಜನವರಿಯಲ್ಲಿ ಲಿನಕ್ಸ್ 2.6.24ರ ಜೊತೆ ಬಂತು. ಮೆಮೊರಿಗೆ ಮಿತಿ ಹಾಕುವ ಭಾಗ ಅದೇ ವರ್ಷದ ಏಪ್ರಿಲ್‌ನಲ್ಲಿ 2.6.25ಕ್ಕೆ ಸೇರಿತು. ಆ ಕೋಡಿನ ನೆತ್ತಿಯಲ್ಲಿ ಇರುವ ಮೊದಲ ಹೆಸರು ಐಬಿಎಂನ ಬಲಬೀರ್ ಸಿಂಗ್ ಅವರದು, ಜೊತೆಗೆ ಓಪನ್‌ವಿಝಡ್ ಯೋಜನೆಯ ಪಾವೆಲ್ ಎಮೆಲ್ಯಾನೊವ್ ಅವರದು. ಅದೇ ವರ್ಷಗಳಲ್ಲಿ ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿ ಕೂತು ಶ್ರೀವತ್ಸ ವಡ್ಡಗಿರಿ ಸಿಪಿಯು ಸಮಯವನ್ನು ಗುಂಪುಗಳಿಗೆ ಹಂಚುವ ಕೆಲಸ ಮಾಡುತ್ತಿದ್ದರು. ನಮ್ಮ ಸರ್ವರುಗಳನ್ನು ತಡೆಯುವ ಕಟ್ಟೆಗಳನ್ನು ಕಟ್ಟಿದವರಲ್ಲಿ ಘಟ್ಟದ ಆಚೆಗಿನ ನಮ್ಮ ರಾಜಧಾನಿಯಲ್ಲಿ ಕೆಲಸ ಮಾಡಿದವರಿದ್ದಾರೆ. ಅವರು ಬರೆದದ್ದು ಎಲ್ಲರಿಗೂ ತೆರೆದಿದೆ. ಓದಿದರೆ ತಿಳಿಯುತ್ತದೆ.

ಸಿಗ್ರೂಪ್ ತಂದ ತೊಡಕನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು, ಈಗ ಬರುವ ದೂರುಗಳಲ್ಲಿ ಇದರದೇ ದೊಡ್ಡ ಪಾಲು. 64 ಜಿಬಿ ರ‍್ಯಾಮಿನ ಯಂತ್ರದಲ್ಲಿ ಒಂದು ಕಂಟೇನರಿಗೆ 2 ಜಿಬಿ ಪಾಲು ಕೊಟ್ಟಿದ್ದೀರಿ. ಒಳಗೆ ಕೂತು ಫ್ರೀ ಎಂಬ ಆಜ್ಞೆ ಕೊಟ್ಟರೆ ಅದು ತೋರಿಸುವುದು ಇಡೀ ಯಂತ್ರದ 64 ಜಿಬಿ. ಹಳೆಯ ಜಾವಾ ಕೂಡ ಅದನ್ನೇ ನೋಡಿ, ತನ್ನ ರೂಢಿಯಂತೆ ಕಾಲು ಭಾಗ ನನ್ನದು ಎಂದು 16 ಜಿಬಿವರೆಗೆ ಬೆಳೆಯಲು ಹೊರಡುತ್ತಿತ್ತು. 2 ಜಿಬಿ ದಾಟಿದ ಕೂಡಲೆ ಕರ್ನಲ್ ಅದನ್ನು ಕೊಲ್ಲುತ್ತದೆ. ಜಾವಾದ ಲಾಗಿನಲ್ಲಿ ಒಂದು ಅಕ್ಷರವೂ ಇರುವುದಿಲ್ಲ, ಯಾಕೆಂದರೆ 9ನೇ ಸಿಗ್ನಲ್ ಬಂದವನಿಗೆ ಕೊನೆಯ ಮಾತು ಬರೆಯಲೂ ಅವಕಾಶವಿಲ್ಲ. ಹೊರಗೆ ಕಾಣುವುದು 137 ಎಂಬ ಸಂಖ್ಯೆ ಮಾತ್ರ, 128ಕ್ಕೆ 9 ಸೇರಿಸಿದ್ದು. 2018ರಲ್ಲಿ ಬಂದ ಜಾವಾ 10 ಮತ್ತು ಅದೇ ವರ್ಷದ ಜಾವಾ 8ರ 191ನೇ ಅಪ್‌ಡೇಟ್ ಕಂಟೇನರಿನ ಪಾಲನ್ನು ಗುರುತಿಸಲು ಕಲಿತವು. ಅದಕ್ಕೂ ಹಳೆಯ ಜಾವಾ ಇಟ್ಟುಕೊಂಡು ಇಂದಿಗೂ ಸರ್ವರ್ ಓಡಿಸುವವರಿಗೆ 64ರ ಬದಲು 128 ಜಿಬಿ ಹಾಕಿಕೊಟ್ಟರೆ ಜಾವಾದ ಆಸೆ 32 ಜಿಬಿಗೆ ಏರುತ್ತದೆ, ಸಾವು ಮಾತ್ರ ಅದೇ 2 ಜಿಬಿಯಲ್ಲಿ.

ಕರ್ನಲ್ ಕೊಂದಾಗ ಬರೆದಿಡುವ ವರದಿ ಡಿಮೆಸೇಜ್ ಆಜ್ಞೆ ಕೊಟ್ಟರೆ ಸಿಗುತ್ತದೆ. ಇದು ನಮ್ಮ ಕೆಲಸದಲ್ಲಿ ಸಿಗುವ ಅತ್ಯಂತ ಪ್ರಾಮಾಣಿಕ ಸಾಕ್ಷಿ, ಆದರೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಿ ತಪ್ಪು ತೀರ್ಮಾನಕ್ಕೆ ಬರುವವರು ಹೆಚ್ಚು. ಕೊನೆಯಲ್ಲಿ ‘ಕಿಲ್ಡ್ ಪ್ರೊಸೆಸ್’ ಎಂದು ಬರೆದ ಹೆಸರು ಸತ್ತವನದು, ತಪ್ಪಿತಸ್ಥನದು ಎಂದೇನಿಲ್ಲ. ಕರ್ನಲ್ ಮುಖ್ಯವಾಗಿ ಗಾತ್ರ ನೋಡಿ ಆರಿಸುತ್ತದೆ, ಆದ್ದರಿಂದ ಸಣ್ಣ ಸಣ್ಣ ಐವತ್ತು ಪಿಎಚ್‌ಪಿ ಪ್ರೊಸೆಸ್‌ಗಳು ಸೇರಿ ರ‍್ಯಾಮ್ ತಿಂದರೂ ಬಲಿಯಾಗುವುದು ಒಂಟಿಯಾಗಿ ದೊಡ್ಡದಾಗಿ ಕೂತ ಡೇಟಾಬೇಸ್. ಮೇಲಿನ ಮೊದಲ ಸಾಲಿನಲ್ಲಿ ‘ಇನ್ವೋಕ್ಡ್ ಊಮ್ ಕಿಲ್ಲರ್’ ಎಂದು ಬರುವ ಹೆಸರೂ ಅಪರಾಧಿಯಲ್ಲ, ಕೊನೆಯ ಪುಟ ಕೇಳುವಾಗ ಸರದಿಯಲ್ಲಿದ್ದವನು ಅಷ್ಟೆ. ನೋಡಬೇಕಾದದ್ದು ನಡುವಿನ ಕನ್‌ಸ್ಟ್ರೇಂಟ್ ಎಂಬ ಪದ. ಅದರ ಮುಂದೆ ಮೆಮ್‌ಸಿಜಿ ಎಂದಿದ್ದರೆ ಮುಗಿದದ್ದು ಒಂದು ಗುಂಪಿನ ಪಾಲು, ಯಂತ್ರದ ರ‍್ಯಾಮ್ ಅಲ್ಲ. ನನ್ ಎಂದಿದ್ದರೆ ಇಡೀ ಯಂತ್ರವೇ ಇಕ್ಕಟ್ಟಿನಲ್ಲಿತ್ತು. ಅದರ ಹತ್ತಿರವೇ ಪ್ರೊಸೆಸ್‌ಗಳ ಪಟ್ಟಿಯಿದೆ, ಅಲ್ಲಿ ಆರ್‌ಎಸ್‌ಎಸ್ ಕಾಲಮ್ಮಿನ ಅಂಕಿ ಪುಟಗಳಲ್ಲಿರುತ್ತದೆ, ಕೆಬಿಯಲ್ಲಲ್ಲ. 524288 ಎಂದು ಕಂಡರೆ ನಾಲ್ಕರಿಂದ ಗುಣಿಸಿ, ಅದು 2 ಜಿಬಿ. ಈ ಗುಣಾಕಾರ ಬಿಟ್ಟವರು ಅರ್ಧ ಜಿಬಿ ಎಂದು ಓದಿ ಅದನ್ನು ಸಂಶಯದ ಪಟ್ಟಿಯಿಂದ ಕೈಬಿಡುತ್ತಾರೆ. ಇನ್ನು ವರದಿಯೇ ಇಲ್ಲದಿದ್ದರೆ? ಅದೂ ಸಾಕ್ಷಿಯೇ. ಪ್ರೋಗ್ರಾಂ ಮೆಮೊರಿ ಇಲ್ಲ ಎಂದು ಅತ್ತಿದೆ, ಕರ್ನಲ್ ಲಾಗ್ ಮಾತ್ರ ಮೌನವಾಗಿದೆ ಎಂದಾದರೆ ರ‍್ಯಾಮ್ ಮುಗಿದಿರುವ ಸಾಧ್ಯತೆ ತೀರ ಕಡಿಮೆ. ತುಂಡು, ಥ್ರೆಡ್, ಮಾತು, ಈ ಮೂರರ ಮಿತಿಗಳನ್ನು ಮೊದಲು ಹುಡುಕಿ.

ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಲ್ಲ, ಕೌಂಟರಿನಲ್ಲಿ ಜನ ಕಾಯುತ್ತಿರುವಾಗ ಲಾಗ್ ಓದುತ್ತ ಕೂರಲಾಗುತ್ತದೆಯೇ ಎಂಬುದು ಕೊನೆಯ ಆಕ್ಷೇಪಣೆ, ಮತ್ತು ಎಲ್ಲಕ್ಕಿಂತ ನ್ಯಾಯವಾದದ್ದು. ಜನ ಕಾಯುತ್ತಿದ್ದರೆ ರೀಸ್ಟಾರ್ಟ್ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕರ್ನಲ್ಲಿನ ಆ ವರದಿ ಇರುವುದು ರ‍್ಯಾಮಿನಲ್ಲಿ. ಡಿಸ್ಕಿಗೆ ಉಳಿಸುವ ಏರ್ಪಾಡು ಇಲ್ಲದಿದ್ದರೆ ರೀಸ್ಟಾರ್ಟ್ ಆದ ಕ್ಷಣಕ್ಕೆ ಸಾಕ್ಷಿ ಅಳಿದುಹೋಗುತ್ತದೆ, ಮುಂದಿನ ಸಲವೂ ನೀವು ಕತ್ತಲಲ್ಲೇ ಇರುತ್ತೀರಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ನಮ್ಮ ಊರುಗಳಲ್ಲಿ ನೀವು ಕೈ ಹಾಕದೆಯೂ ರೀಸ್ಟಾರ್ಟ್ ಆಗುತ್ತಿರುತ್ತದೆ. ಸಿಸ್ಟಂಡಿ ಇರುವ ಯಂತ್ರಗಳಲ್ಲಿ ವಾರ್ ಒಳಗಿನ ಲಾಗ್ ಫೋಲ್ಡರಿನಲ್ಲಿ ಜರ್ನಲ್ ಎಂಬ ಫೋಲ್ಡರ್ ಇಲ್ಲದಿದ್ದರೆ ಜರ್ನಲ್ ಬರೀ ರ‍್ಯಾಮಿನಲ್ಲಿ ಉಳಿಯುತ್ತದೆ, ಆ ಫೋಲ್ಡರ್ ಮಾಡಿಟ್ಟು ಒಮ್ಮೆ ಯಂತ್ರ ಎಬ್ಬಿಸಿದರೆ ಮುಂದಿನದೆಲ್ಲ ಡಿಸ್ಕಿಗೆ ಹೋಗುತ್ತದೆ. ಎರಡು ನಿಮಿಷದ ಕೆಲಸ.

ಹೊರಗಿನ ಎಂಜಿನಿಯರನ್ನು ಕರೆಸಿದರೆ ಆಯಿತು ಎಂದುಕೊಳ್ಳುವ ಮೊದಲು 2024ರ ಮಳೆಗಾಲವನ್ನು ನೆನಪಿಸಿಕೊಳ್ಳಿ. ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರ ನಸುಕಿನಲ್ಲಿ ಕಾಳಿಯ ಹಳೆಯ ಸೇತುವೆ ಮುರಿದುಬಿತ್ತು. ಅಂಥ ದಿನಗಳಲ್ಲಿ ಆಸ್ಪತ್ರೆಯ, ಕಚೇರಿಯ ಸರ್ವರ್ ನಿಂತರೆ ಎತ್ತಬೇಕಾದವರು ಇಲ್ಲಿರುವ ನಾವೇ. ರ‍್ಯಾಮಿನ ಪೊಟ್ಟಣವೂ ಆ ರಸ್ತೆಯಲ್ಲೇ ಬರಬೇಕು. ಎಐ ಡೇಟಾ ಸೆಂಟರುಗಳ ಹಸಿವಿನಿಂದ 2025ರ ಕೊನೆಯಿಂದ ರ‍್ಯಾಮಿನ ಬೆಲೆಯೂ ಏರಿರುವಾಗ ‘ರ‍್ಯಾಮ್ ಅಗ್ಗ, ಹಾಕಿಬಿಡೋಣ’ ಎಂಬ ಮಾತಿಗೆ ಹಿಂದಿನ ಬಲ ಉಳಿದಿಲ್ಲ. ರ‍್ಯಾಮ್ ನಿಜವಾಗಿ ಸಾಲದ ಯಂತ್ರಗಳು ಇವೆ, ಅವುಗಳಿಗೆ ಹಾಕಲೇಬೇಕು. ಮಾಲಿಗೆ ಮುಂಚೆ ಸಾಕ್ಷಿ ಇರಲಿ ಎಂಬುದಷ್ಟೇ ನನ್ನ ವಾದ.

ಆದ್ದರಿಂದ ನಿಮ್ಮಲ್ಲಿ ಕೆಲವು ಕೋರಿಕೆಗಳು. ರ‍್ಯಾಮ್ ಖರೀದಿಯ ಪ್ರತಿ ಕಡತಕ್ಕೂ ಕರ್ನಲ್ ಲಾಗಿನ ಒಂದು ಪುಟ ಲಗತ್ತಾಗಲಿ, ಅದು ಇಲ್ಲದ ಬೇಡಿಕೆಗೆ ಸಹಿ ಬೀಳದಿರಲಿ. ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನಲ್ಲಿ, ಪಾಲಿಟೆಕ್ನಿಕ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಕಲಿಸುವವರಲ್ಲಿ ವಿಶೇಷ ವಿನಂತಿ. ಪೇಜಿಂಗ್ ಚಿತ್ರ ಬರೆಸಿ ಅಂಕ ಕೊಡುವುದರ ಜೊತೆಗೆ ಒಂದು ಪ್ರಯೋಗ ಮಾಡಿಸಿ. ಸಿಸ್ಟಂಡಿ ರನ್ ಆಜ್ಞೆಯಿಂದ 200 ಎಂಬಿ ಮೆಮೊರಿ ಮಿತಿ, ಸ್ವಾಪ್ ಸೊನ್ನೆ ಎಂದು ಹಾಕಿ ಅದರೊಳಗೆ 300 ಎಂಬಿ ಮುಟ್ಟುವ ಹತ್ತು ಸಾಲಿನ ಸಿ ಪ್ರೋಗ್ರಾಂ ಓಡಿಸಿ. ಮೊದಲು ಮೆಮೊರಿ ಕೇಳಿ ಮುಟ್ಟದೆ ಬಿಡಲಿ, ಏನೂ ಆಗುವುದಿಲ್ಲ ಎಂಬುದನ್ನು ಮಕ್ಕಳು ನೋಡಲಿ. ಆಮೇಲೆ ಪುಟ ಪುಟವಾಗಿ ಮುಟ್ಟುತ್ತ ಹೋಗಲಿ, 200ರ ಹತ್ತಿರ ಸಾಯುತ್ತದೆ. ಪಕ್ಕದ ಪರದೆಯಲ್ಲಿ ಯಂತ್ರದ ಹಲವು ಜಿಬಿ ಖಾಲಿ ಇರುವುದೂ ಕಾಣಲಿ. ಆ ಒಂದು ಗಂಟೆಯ ತರಗತಿ ಕಂಡವರು ನಾಳೆ ಯಾವ ಕಚೇರಿಗೆ ಹೋದರೂ ಪರದೆಯ ಸಂದೇಶವನ್ನು ಅಷ್ಟಕ್ಕೇ ನಂಬುವುದಿಲ್ಲ.

ಇನ್ನು ಒಬ್ಬರಿಗೊಬ್ಬರು ಸಹಾಯ ಕೇಳುವಾಗ ಲಾಗನ್ನು ‘ಇನ್ವೋಕ್ಡ್’ ಎಂಬ ಮೊದಲ ಸಾಲಿನಿಂದ ‘ಕಿಲ್ಡ್ ಪ್ರೊಸೆಸ್’ ಎಂಬ ಕೊನೆಯ ಸಾಲಿನವರೆಗೆ ಪೂರ್ತಿಯಾಗಿ, ಅಕ್ಷರ ರೂಪದಲ್ಲೇ ಕಳುಹಿಸಿ. ಮೊಬೈಲಿನಲ್ಲಿ ತೆಗೆದ ಅರ್ಧ ಪರದೆಯ ಫೋಟೊದಲ್ಲಿ ಕನ್‌ಸ್ಟ್ರೇಂಟ್ ಇರುವ ಸಾಲು ಸುಲಭವಾಗಿ ಬಿಟ್ಟುಹೋಗುತ್ತದೆ. ಜೊತೆಗೆ ಆ ಪ್ರೊಸೆಸ್ಸಿನ ಲಿಮಿಟ್ಸ್ ಫೈಲು, ಮೆಮ್‌ಇನ್ಫೋ ಫೈಲು, ಈ ಎರಡೂ ಇದ್ದರೆ ಕೇಳಿದವರಿಗೆ ಅಂದೇ ಉತ್ತರ ಕೊಡಬಹುದು.

ಇಂತಿ,
ನಿಮ್ಮ ವಿಶ್ವಾಸಿ
ಹಬ್ಬುವಾಡದಿಂದ